ಅವ್ವನ ಮೈಸೂರು ಪಟ್ಟಿ

ಮೈಸೂರಿಗೆ ಹೋಗಿ ಬರುವುದೆಂದರೆ ಈಗ ಅದರಲ್ಲೇನಿದೆ ಹೇಳಿ? ಬೆಳಗಿನ ತಿಂಡಿ ಮುಗಿಸಿ ಬಸ್ಸು ಹತ್ತಿದರೆ ಕತ್ತಲಾಗುವುದರೊಳಗೆ ಮನೆ ಸೇರಬಹುದು. ಆದರೆ ಸೋದರಿಯರೇ, 1950ರ ದಶಕದಲ್ಲಿ ನಮ್ಮ ರಾವಂದೂರಿನ ಹೆಂಗಸೊಬ್ಬಳು ಮೈಸೂರಿಗೆ ಹೊರಟಳೆಂದರೆ ಅದೊಂದು ದೊಡ್ಡ ಸಮಾಚಾರ! ಎಂಟು ದಿನ ಮುಂಚೆಯೇ ಕೇರಿಗೆಲ್ಲ ಗೊತ್ತಾಗಿಬಿಡುತ್ತಿತ್ತು. "ನಮಗೊಂದು ಡಬ್ಬಿ ಕುಂಕುಮ ತಂದ್ಕೊಡವ್ವ", "ನಮ್ಮ ಮಗೀಗೆ ಒಂದು ಗಿಲಕಿ ತಾ" ಎಂದು ಒಬ್ಬೊಬ್ಬರೂ ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಕೊಟ್ಟು ಹೋಗುವರು.

ನಮ್ಮೂರು ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹೋಬಳಿ. ಮೈಸೂರಿಗೆ ಹೆಚ್ಚು ಕಡಿಮೆ ನಲವತ್ತು ಮೈಲಿ. ಪಿರಿಯಾಪಟ್ಟಣದ ಸಂತೆ, ಬೆಟ್ಟದಪುರದ ಮಲ್ಲಿಕಾರ್ಜುನನ ಜಾತ್ರೆ, ಚುಂಚನಕಟ್ಟೆಯ ದನಗಳ ಜಾತ್ರೆ, ಇಷ್ಟರಲ್ಲೇ ನಮ್ಮ ಹೆಂಗಸರ ಲೋಕ ಮುಗಿದುಹೋಗುತ್ತಿತ್ತು. ಮೈಸೂರು ಮಾತ್ರ ವರ್ಷಕ್ಕೆ ಒಂದೇ ಸಲ. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡಿದರೆ ಆಯಿತು, ಇಲ್ಲದಿದ್ದರೆ ಅದೂ ಇಲ್ಲ.

ನಮ್ಮವ್ವನಿಗೆ ಓದು ಬರಹ ಬಾರದು. ಆದ್ದರಿಂದ ತರಬೇಕಾದ ಸಾಮಾನಿನ ಪಟ್ಟಿ ಬರೆಯುವ ಕೆಲಸ ನನ್ನದು. ನಾನಾಗ ಪ್ರೈಮರಿ ಸ್ಕೂಲಿನ ಹುಡುಗಿ. ಅವ್ವ ರಾಗಿ ಕಲ್ಲಿನ ಮುಂದೆ ಕೂತು ಬೀಸುತ್ತಾ ಬೀಸುತ್ತಾ ಒಂದೊಂದೇ ಹೇಳುವಳು, ನಾನು ಬರೆಯುವೆ. ಅರಿಶಿನ, ಕುಂಕುಮ, ಊದುಬತ್ತಿ. ಗಂಧದ ಸೋಪು ಒಂದು. ನಂಜನಗೂಡು ಹಲ್ಲುಪುಡಿ. ಅಜ್ಜಿಗೆ ಮೈಸೂರು ಪಾಕು ಅರ್ಧ ಸೇರು. ಅಕ್ಕನಿಗೆ ಸೀರೆ. ಇಷ್ಟು ಬರೆಸಿ ಅವ್ವ ಒಂದು ಗಳಿಗೆ ಸುಮ್ಮನಾಗುತ್ತಿದ್ದಳು. ಪಟ್ಟಿಯಲ್ಲಿ ಬರೆಸದ ಇನ್ನೊಂದು ಬಾಬ್ತು ಇದೆ ಅಂತ ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅದರ ಮಾತು ಆಮೇಲೆ ಹೇಳುತ್ತೇನೆ.

ದೊಡ್ಡ ಗಡಿಯಾರದ ಆಸುಪಾಸು

ಹುಣಸೂರಿನ ದಾರಿಯಲ್ಲಿ ಬಸ್ಸು ಬರುವಾಗ ಮೈಸೂರಿನ ಹೊಸಿಲಲ್ಲೇ ಪ್ರೀಮಿಯರ್ ಸ್ಟುಡಿಯೋ ಸಿಗುತ್ತಿತ್ತು. 1954ರಲ್ಲಿ ಶುರುವಾದ ಆ ಸ್ಟುಡಿಯೋ ಬಂದಾಗ ಬಸ್ಸಿನವರೆಲ್ಲ ಒಂದೇ ಪಕ್ಕಕ್ಕೆ ವಾಲುವರು, ರಾಜಕುಮಾರ್ ಗೇಟಿನಲ್ಲಿ ನಿಂತಿರುತ್ತಾರೇನೋ ಎಂದು! ಎಷ್ಟೋ ವರ್ಷಗಳ ಮೇಲೆ, 1989ರ ಫೆಬ್ರವರಿಯಲ್ಲಿ, ಟಿಪ್ಪು ಸುಲ್ತಾನನ ಟೆಲಿವಿಷನ್ ಧಾರಾವಾಹಿಯ ಚಿತ್ರೀಕರಣದ ವೇಳೆ ಅಲ್ಲಿ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಸತ್ತರು. ಆ ದಿನದಿಂದಾಚೆಗೆ ಆ ಗೇಟನ್ನು ನೋಡಿದರೆ ಮೊದಲಿನ ಸಂತೋಷ ಬರಲಿಲ್ಲ.

ಬಸ್ಸಿಳಿದು ನಾವು ಮೊದಲು ನಡೆಯುತ್ತಿದ್ದುದು ದೊಡ್ಡ ಗಡಿಯಾರದ ಕಡೆಗೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿ ಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿದ್ದು ಅದು. ಅದರ ಅಂಕಿಗಳು ಕನ್ನಡದವು. ಅಂಕಿ ಓದಿ ಗಂಟೆ ಹೇಳುವುದು ನನ್ನ ಪಾಲಿನ ಮೊದಲ ಹೆಮ್ಮೆ. ಅಲ್ಲಿಂದ ಸಯ್ಯಾಜಿರಾವ್ ರಸ್ತೆಗೆ ಬಂದರೆ ದೇವರಾಜ ಮಾರುಕಟ್ಟೆ.

ಮಾರ್ಕೆಟ್ಟಿನೊಳಗೆ ಹೋದವರಿಗೆ ಮೊದಲು ಎದುರಾಗುವುದು ವಾಸನೆ. ಮಲ್ಲಿಗೆಯದೊಂದು ಕಡೆ, ಬಾಳೆಹಣ್ಣಿನದೊಂದು ಕಡೆ, ವೀಳ್ಯದೆಲೆಯದು ಇನ್ನೊಂದು ಕಡೆ. ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆ, ಮೈಸೂರು ವೀಳ್ಯದೆಲೆ ಈ ಮೂರಕ್ಕೂ ಈಗ ಭೌಗೋಳಿಕ ಗುರುತಿನ ಸರ್ಕಾರಿ ಮುದ್ರೆ ಬಿದ್ದಿದೆ. ಆಗ ಮುದ್ರೆ ಹಾಕುತ್ತಿದ್ದುದು ನಮ್ಮ ಮೂಗು! ಹೂವನ್ನು ಮೊಳದ ಲೆಕ್ಕದಲ್ಲಿ ಕೊಡುವರು. ಹೂವಿನವನ ಮೊಳ ಗಿಡ್ಡ ಎಂದು ಅವ್ವನ ತಕರಾರು. "ಅದ್ಯಾವ ಕೈನಪ್ಪ ನಿಂದು, ನನ್ನ ಕೈಯಾಗೆ ಅಳಿ" ಎಂದು ತನ್ನ ಮೊಣಕೈ ಮುಂದೆ ಚಾಚುವಳು. ಅವನೂ ನಗುತ್ತಾ ಅಳೆಯುವನು, ಕಡೆಗೆ ಒಂದು ಗೇಣು ಕೊಸರೂ ಬೀಳುವುದು.

ಇದನ್ನು ಓದಿ ನೀವು ನಗಬಹುದು. ಆದರೆ ಆ ಜಾಗದಲ್ಲಿ ನಾನು ಕಂಡ ಅವ್ವ ಬೇರೆಯವಳೇ. ಊರಿನಲ್ಲಿ ಮಾವನ ಎದುರು ತಲೆಯ ಮೇಲಿನ ಸೆರಗು ಜಾರಗೊಡದವಳು, ಪಡಸಾಲೆಗೆ ನಾಲ್ಕು ಜನ ಗಂಡಸರು ಬಂದರೆ ಅಡಿಗೆ ಮನೆಯಿಂದ ಈಚೆಗೆ ಬಾರದವಳು, ಮಾರ್ಕೆಟ್ಟಿನ ಸಂದಿಯಲ್ಲಿ ನಿಂತು ಗಟ್ಟಿ ಗಂಟಲಲ್ಲಿ ಚೌಕಾಸಿ ಮಾಡುತ್ತಿದ್ದಳು. "ಬನ್ನಿ ತಾಯಿ, ಹೋದ ವರ್ಷ ಬಂದಿದ್ರಲ್ಲ, ಎಲ್ಲ ಚೆನ್ನಾಗಿದೀರಾ?" ಎಂದು ಕುಂಕುಮದ ಅಂಗಡಿಯವರು ಗುರುತು ಹಿಡಿದು ಮಾತಾಡಿಸಿದರೆ ಅವಳ ಮುಖ ಊರಗಲ ಆಗುತ್ತಿತ್ತು. ಇಂಥವರ ಹೆಂಡತಿ, ಇಂಥವರ ಸೊಸೆ ಅಂತಲ್ಲದೆ ಅವಳನ್ನು ಅವಳಾಗಿಯೇ ನೆನಪಿಟ್ಟುಕೊಂಡವರು ಆ ಅಂಗಡಿಯವರು ಮಾತ್ರ.

1957ರ ಏಪ್ರಿಲ್ ಒಂದರಿಂದ ನಯೇ ಪೈಸೆ ಬಂತು ನೋಡಿ, ಆಗ ಗಲಾಟೆಯೋ ಗಲಾಟೆ. ಹದಿನಾರಾಣೆಗೆ ಒಂದು ರೂಪಾಯಿ ಎಂದು ಕೈಬೆರಳಿನಲ್ಲಿ ಲೆಕ್ಕ ಹಾಕುತ್ತಿದ್ದ ಹೆಂಗಸರಿಗೆ ನೂರು ಪೈಸೆಯ ಲೆಕ್ಕ ಹೇಗೆ ಹೊಂದಬೇಕು? ನಾಲ್ಕಾಣೆಗೆ ಇಪ್ಪತ್ತೈದು ಪೈಸೆ, ಅದು ಸರಿ. ಒಂದಾಣೆಗೆ ಆರೂಕಾಲು ಪೈಸೆ! ಆ ಕಾಲು ಪೈಸೆ ಯಾರಿಗೆ ಸೇರಬೇಕು? ಅಂಗಡಿಯವರು ಆರು ಪೈಸೆ ಚಿಲ್ಲರೆ ಕೊಟ್ಟರೆ ಅವ್ವ ಬಿಡುತ್ತಿರಲಿಲ್ಲ. "ನಾಲ್ಕು ಸಲ ಒಂದೊಂದಾಣೆ ಕೊಟ್ರೆ ಇಪ್ಪತ್ನಾಲ್ಕು, ಒಂದೇ ಸಲಕ್ಕೆ ನಾಲ್ಕಾಣೆ ಕೊಟ್ರೆ ಇಪ್ಪತ್ತೈದು. ಇದ್ಯಾವ ನ್ಯಾಯ?" ಎನ್ನುವಳು. ಓದು ಬಾರದವಳ ಗಣಿತ ಇದು!

ಗಂಧದ ಸೋಪು, ಗಂಧದ ಪೆಟ್ಟಿಗೆ

ಪಟ್ಟಿಯಲ್ಲಿದ್ದ ಸೋಪು ಒಂದೇ ಒಂದು. ಅದು ದಿನದ ಸ್ನಾನಕ್ಕಲ್ಲ. ದಿನದ ಸ್ನಾನಕ್ಕೆ ಸೀಗೆಪುಡಿ, ಕಡಲೆಹಿಟ್ಟು ಇತ್ತಲ್ಲ! ಗಂಧದ ಸೋಪು ಬಾಣಂತಿಗೆ, ಮದುಮಗಳಿಗೆ, ದೂರದಿಂದ ಬಂದ ನೆಂಟರಿಗೆ. ಸೋಪು ಸವೆದ ಮೇಲೂ ಅದರ ರಟ್ಟಿನ ಪೆಟ್ಟಿಗೆಯನ್ನು ಅವ್ವ ಬಿಸಾಡುತ್ತಿರಲಿಲ್ಲ. ಅದು ಸೀರೆಗಳ ನಡುವೆ ಸೇರಿ ವರ್ಷಗಟ್ಟಲೆ ಟ್ರಂಕಿಗೆ ಘಮ ಕೊಡುತ್ತಿತ್ತು. ಪೆಟ್ಟಿಗೆಯ ಮೇಲೆ ಸಿಂಹದ ಮೈ, ಆನೆಯ ಮುಖದ ಪ್ರಾಣಿಯ ಚಿತ್ರ. ಅದರ ಹೆಸರು ಶರಭ ಎಂದು ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು.

ಈ ಸೋಪು ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. ಮೈಸೂರು ಸಂಸ್ಥಾನದ ಗಂಧದ ಮರ ಹಿಂದೆ ಯೂರೋಪಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಮೊದಲನೆಯ ಮಹಾಯುದ್ಧ ಬಂದು ಹಡಗುಗಳು ನಿಂತಾಗ ಮರವೆಲ್ಲ ಇಲ್ಲೇ ರಾಶಿ ಬಿತ್ತು. ಹಾಗಾದರೆ ಎಣ್ಣೆಯನ್ನು ನಾವೇ ತೆಗೆಯೋಣ ಎಂದು ನಾಲ್ವಡಿಯವರ, ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಕಾರ್ಖಾನೆ ಶುರುವಾಯಿತು. ಎಣ್ಣೆಯ ಹಿಂದೆಯೇ ಸೋಪೂ ಬಂತು. ಮಾರಲಾಗದ ಮಾಲನ್ನು ಮನೆಯಲ್ಲೇ ಕುಟ್ಟಿ ಬೀಸಿ ಬೆಲೆ ಬರುವಂತೆ ಮಾಡುವುದು ನಮ್ಮ ಹೆಂಗಸರಿಗೆ ಹೊಸತಲ್ಲ. ಉಳಿದ ಅನ್ನವನ್ನು ಸಂಡಿಗೆ ಮಾಡುವ ಜಾಣತನವೇ ಇದು, ಅಲ್ಲವೇ?

ಊದುಬತ್ತಿಯೂ ಮೈಸೂರಿನದೇ. ಸೈಕಲ್ ಗುರುತಿನ ಊದುಬತ್ತಿಯ ಸಂಸ್ಥೆ 1948ರಲ್ಲಿ ಈ ಊರಿನಲ್ಲೇ ಹುಟ್ಟಿದ್ದು. ದೇವರ ಮುಂದೆ ಬತ್ತಿ ಹಚ್ಚುವಾಗ ನಾವು ನೆನೆಯಬೇಕಾದ ಮಾತೊಂದಿದೆ. ಬತ್ತಿ ಹೊಸೆಯುತ್ತಿದ್ದವರಲ್ಲಿ ಬಹುಪಾಲು ಮನೆಯಲ್ಲೇ ಮಣೆ ಹಾಕಿಕೊಂಡು ಕೂತ ಹೆಂಗಸರು. ಮಕ್ಕಳು ಮಲಗಿದ ಮೇಲೆ, ಅಡಿಗೆಯ ನಡುವೆ ಬಿಡುವಾದಾಗ ಸಾವಿರದ ಲೆಕ್ಕದಲ್ಲಿ ಹೊಸೆದು ಮನೆಗೆ ಆಸರೆಯಾದವರು. ಮೈಸೂರಿನ ಪರಿಮಳದಲ್ಲಿ ಅವರ ಅಂಗೈ ಉರಿಯೂ ಇದೆ.

ಒಂದು ಎಳೆಯ ಪರೀಕ್ಷೆ

ರೇಷ್ಮೆ ಸೀರೆಯ ಬಾಬ್ತು ಪ್ರತಿ ವರ್ಷದ್ದಲ್ಲ. ಅಕ್ಕನ ಮದುವೆ ಗೊತ್ತಾದ ವರ್ಷ, 1961ರಲ್ಲಿ, ಅದು ಪಟ್ಟಿಯ ಮೊದಲಿಗೇ ಬಂತು. ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆ 1912ರದು. ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ನಾಲ್ವಡಿಯವರು ಶುರು ಮಾಡಿದ್ದು. 1980ರಿಂದ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿದೆ. ಮೈಸೂರು ರೇಷ್ಮೆಯ ಚೆಂದ ಅದರ ಸರಳತನದಲ್ಲಿ. ಒಡಲೆಲ್ಲ ಒಂದೇ ಬಣ್ಣ, ಅಂಚಿಗೆ ಸಾದಾ ಜರಿ. ಉಟ್ಟರೆ ನೀರಿನ ಹಾಗೆ ಮೈಮೇಲೆ ನಿಲ್ಲುತ್ತದೆ. ಜರಿಯೆಂದರೆ ಬೆಳ್ಳಿಯ ಎಳೆಗೆ ಚಿನ್ನದ ಲೇಪ. ಆದ್ದರಿಂದಲೇ ಹಳೆಯ ಸೀರೆ ಹರಿದರೂ ಜರಿ ಕೊಳ್ಳುವವರು ಮನೆ ಬಾಗಿಲಿಗೆ ಬರುತ್ತಿದ್ದರು.

ಅಂಗಡಿಗೆ ಹೋದ ಅವ್ವ ಸೀರೆಯ ಕೊನೆಯಿಂದ ಒಂದೇ ಒಂದು ಎಳೆ ಕೇಳಿ ಪಡೆದು ದೀಪಕ್ಕೆ ಹಿಡಿದಳು. ನಿಜ ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಿನಲ್ಲಿ ಪುಡಿಯಾಗುತ್ತದೆ. ನೈಲಾನು ಮುಂತಾದ ನೂಲಾದರೆ ಕರಗಿ ಗಟ್ಟಿ ಗುಂಡಾಗಿ ಕೂರುತ್ತದೆ. ಈ ಪರೀಕ್ಷೆಯನ್ನು ಈಗಲೂ ನೀವು ಮಾಡಬಹುದು. ಅಂಗಡಿಯವರು ಬೇಸರ ಮಾಡಿಕೊಳ್ಳಲಿಲ್ಲ. "ತಿಳಿದೋರು ಬಂದ್ರೆ ನಮಗೂ ಸಂತೋಷ ಕಣಮ್ಮ" ಎಂದರು. ಎಲ್ಲ ದುಡ್ಡನ್ನೂ ಒಂದೇ ಸಲ ಕೇಳಲಿಲ್ಲ. "ಉಳಿದದ್ದು ಸುಗ್ಗಿಗೆ ಕೊಡಿ" ಎಂದು ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆದುಕೊಂಡರು. ಜಾಮೀನಿಲ್ಲ, ಕಾಗದವಿಲ್ಲ. ಊರ ಹೆಸರು, ಅಪ್ಪನ ಹೆಸರು, ಅಷ್ಟೇ! ಅಪ್ಪ ಸುಗ್ಗಿಯಾದ ಎರಡನೆಯ ವಾರವೇ ಹೋಗಿ ಬಾಕಿ ತೀರಿಸಿ ಬಂದರು.

ಪಾಕದ ಗುಟ್ಟು

ಅಜ್ಜಿಯ ಮೈಸೂರು ಪಾಕಿನ ಮಾತು ಬಿಟ್ಟರೆ ಈ ಪತ್ರಿಕೆಯ ಓದುಗರು ನನ್ನನ್ನು ಕ್ಷಮಿಸುತ್ತಾರೆಯೇ? ನಾಲ್ವಡಿಯವರ ಕಾಲದಲ್ಲಿ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ಕೈಯಲ್ಲಿ ಇದು ಹುಟ್ಟಿತೆಂದು ಮೈಸೂರಿನವರು ಹೇಳುತ್ತಾರೆ. ಅವರ ವಂಶದವರ ಗುರು ಸ್ವೀಟ್ಸ್ ಸಯ್ಯಾಜಿರಾವ್ ರಸ್ತೆಯಲ್ಲಿ ಮಾರ್ಕೆಟ್ಟಿಗೆ ಅಂಟಿಕೊಂಡೇ ಇದೆ.

ಮನೆಯಲ್ಲಿ ಮಾಡುವವರಿಗೆ ಅಜ್ಜಿ ಕಂಡುಕೊಂಡಿದ್ದ ಅಳತೆ ಹೇಳುತ್ತೇನೆ. ಒಂದು ಬಟ್ಟಲು ಕಡಲೆಹಿಟ್ಟಿಗೆ ಎರಡು ಬಟ್ಟಲು ಸಕ್ಕರೆ, ಎರಡು ಬಟ್ಟಲು ತುಪ್ಪ. ಸಕ್ಕರೆ ಒಂದೆಳೆ ಪಾಕಕ್ಕೆ ಬಂದಾಗ ಹಿಟ್ಟನ್ನು ಗಂಟಾಗದಂತೆ ಉದುರಿಸಬೇಕು. ಪಕ್ಕದ ಒಲೆಯಲ್ಲಿ ತುಪ್ಪ ಹೊಗೆಯಾಡುವಷ್ಟು ಕಾದಿರಬೇಕು, ಗುಟ್ಟೆಲ್ಲ ಅಲ್ಲೇ ಇರುವುದು! ಕಾದ ತುಪ್ಪವನ್ನು ಸೌಟು ಸೌಟಾಗಿ ಹೊಯ್ದಾಗಲೆಲ್ಲ ಹಿಟ್ಟು ಬುಸ್ಸೆಂದು ನೊರೆಯೇಳುತ್ತದೆ. ಆ ನೊರೆ ಹಾಗೇ ಗಟ್ಟಿಯಾದಾಗ ಗೂಡು ಗೂಡಾದ ಪಾಕು. ತಣ್ಣನೆಯ ತುಪ್ಪ ಹಾಕಿದರೆ ಗೂಡು ಏಳದು. ತಟ್ಟೆಗೆ ಸುರಿದ ಮೇಲೆ ನಡುಭಾಗದ ಕಾವು ಬೇಗ ಆರದು, ಆದ್ದರಿಂದಲೇ ಒಳಗೆ ಕೆಂಪು, ಮೇಲೂ ಕೆಳಗೂ ಹಳದಿ. ಬಿಸಿಯಿರುವಾಗಲೇ ಕುಯ್ದಿಡಿ, ಆರಿದರೆ ಪುಡಿಯಾದೀತು.

ಪರದೆಯ ಹಿಂದಿನ ದೋಸೆ

ಹಳೆಯ ಕಾಲ ಎಂದರೆ ಎಲ್ಲವೂ ಚೆಂದವಿತ್ತು ಎಂದು ಬರೆದುಬಿಡುವುದು ಸುಲಭ. ನಾನು ಹಾಗೆ ಬರೆಯಲಾರೆ.

ನಜರಬಾದಿನ ಮೈಲಾರಿ ಹೋಟೆಲು 1938ರಿಂದ ಇದ್ದದ್ದು. ಹತ್ತಿಯಂಥ ಮೆತ್ತನೆಯ ದೋಸೆ, ಒಳಗೆ ಸಾಗು, ಮೇಲೆ ಬೆಣ್ಣೆ. ಅಪ್ಪನಿಂದ ಅದರ ವರ್ಣನೆ ಕೇಳಿಯೇ ನಮ್ಮ ಬಾಯಲ್ಲಿ ನೀರು ಬರುತ್ತಿತ್ತು. ಏಕೆಂದರೆ ಹೋಟೆಲಿನ ತಿಂಡಿ ಗಂಡಸರ ಪಾಲಿನದು. ಹೆಂಗಸರು ಹೋಟೆಲಿಗೆ ಹೋಗುವುದೆಂದರೆ ನಮ್ಮ ಕಡೆ ಅದು ನಾಚಿಕೆಯ ಮಾತು. ಹೋದರೂ "ಫ್ಯಾಮಿಲಿ ರೂಂ" ಎಂದು ಬರೆದ, ಪರದೆ ಇಳಿಬಿಟ್ಟ ಗೂಡಿನಲ್ಲಿ ಕೂರಬೇಕು. ಜತೆಗೆ ಗಂಡಸಿಲ್ಲದಿದ್ದರೆ ಅದಕ್ಕೂ ಸಂಕೋಚ. ಅವ್ವ ಮೊದಮೊದಲು ಬುತ್ತಿ ಬಿಚ್ಚುತ್ತಿದ್ದುದು ಯಾವುದಾದರೂ ಮರದ ನೆರಳಿನಲ್ಲೇ.

ಅದಕ್ಕಿಂತ ಕಹಿಯಾದ ಮಾತೂ ಉಂಟು. ಜಾತಿ ಕೇಳಿ ಒಳಗೆ ಬಿಡುವ, ಒಂದು ಜಾತಿಯವರಿಗೆಂದೇ ಬೇರೆ ಜಾಗ ಇಟ್ಟಿದ್ದ ಹೋಟೆಲುಗಳು ನಮ್ಮ ಸೀಮೆಯಲ್ಲಿದ್ದವು. ಒಂದು ಸಲ ನಮ್ಮ ಜತೆಗೆ ಬಂದಿದ್ದ ಹೊಲದ ಕೆಲಸದಾಕೆಗೆ ಒಂದು ಹೋಟೆಲಿನವರು ಕಾಫಿಯನ್ನು ಹೊರಗಡೆ, ಮೇಲಿನಿಂದ ಎತ್ತಿ ಹೊಯ್ದರು. ಆಕೆ ಕುಡಿಯದೆ ಲೋಟ ಕೆಳಗಿಟ್ಟು ಎದ್ದು ಬಂದಳು. ದಾರಿಯುದ್ದಕ್ಕೂ ಮಾತಿಲ್ಲ. 1955ರಲ್ಲೇ ಅಸ್ಪೃಶ್ಯತೆಯ ಆಚರಣೆ ಶಿಕ್ಷಾರ್ಹ ಎಂದು ಕಾನೂನಾಗಿತ್ತು. ಕಾನೂನು ಲೋಟದವರೆಗೆ ಬರಲು ಎಷ್ಟು ವರ್ಷ ಬೇಕಾಯಿತು ನೋಡಿ! ಹಳೆಯ ಮೈಸೂರಿನ ಫಿಲ್ಟರ್ ಕಾಫಿಯನ್ನು ಹೊಗಳುವಾಗಲೆಲ್ಲ ನನಗೆ ಕೆಳಗಿಟ್ಟ ಆ ಲೋಟವೂ ಕಣ್ಣಿಗೆ ಕಟ್ಟುತ್ತದೆ. ಇವತ್ತಿನ ಹುಡುಗಿಯರು ಯಾವ ಪರದೆಯೂ ಇಲ್ಲದೆ, ಯಾರ ಜಾತಿಯನ್ನೂ ಕೇಳದೆ, ನಾಲ್ಕು ಜನ ಗೆಳತಿಯರು ಕೂಡಿ ಮಸಾಲೆದೋಸೆ ತಿನ್ನುವುದನ್ನು ಕಂಡರೆ ಹೊಟ್ಟೆ ತಣ್ಣಗಾಗುತ್ತದೆ. ಆ ಕಾಲ ಹೋದದ್ದಕ್ಕೆ ನನಗೆ ದುಃಖವಿಲ್ಲ.

ಬರೆಸದೇ ಇದ್ದ ಬಾಬ್ತು

ಈಗ ಪಟ್ಟಿಯಲ್ಲಿ ಅವ್ವ ಬರೆಸದೇ ಇದ್ದ ಬಾಬ್ತಿಗೆ ಬರೋಣ. ಅದು ಆಟ! ನಾಟಕವೋ ಸಿನಿಮಾವೋ, ಒಟ್ಟಿನಲ್ಲಿ ಒಂದು ಆಟ ನೋಡದೆ ಅವ್ವ ಮೈಸೂರಿನಿಂದ ಬರುತ್ತಿರಲಿಲ್ಲ.

ಅವಳ ತಾರುಣ್ಯದಲ್ಲಿ ನಾಟಕಗಳೇ ಹೆಚ್ಚು. ದಿವಾನ್ ರಂಗಾಚಾರ್ಲು ಅವರ ಸ್ಮಾರಕವಾದ ಮೈಸೂರಿನ ಪುರಭವನ ನಾಟಕಗಳಿಗೆ ಹೆಸರುವಾಸಿ. ಗುಬ್ಬಿ ವೀರಣ್ಣನವರ ಕಂಪನಿ ಎಲ್ಲಾದರೂ ಮೊಕ್ಕಾಂ ಹಾಕಿದರೆ ಸುತ್ತಮುತ್ತಲಿನಿಂದ ಗಾಡಿ ಕಟ್ಟಿಕೊಂಡು ಜನ ಹೋಗುತ್ತಿದ್ದರು. ಗಂಡಸರೇ ಸ್ತ್ರೀಪಾತ್ರ ಮಾಡುತ್ತಿದ್ದ ಕಾಲದಲ್ಲಿ ವೀರಣ್ಣನವರು ಹೆಂಗಸರನ್ನು ರಂಗಕ್ಕೆ ತಂದರು. ಬಿ. ಜಯಮ್ಮನವರ ಪಾತ್ರಗಳ ಬಗ್ಗೆ ಅವ್ವ ದೇವರ ಕಥೆ ಹೇಳುವಂತೆ ಹೇಳುವಳು. ಮೈಸೂರಿನಲ್ಲೇ ಹುಟ್ಟಿದ ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ' 1959ರಲ್ಲಿ ಬಂದ ಮೇಲೆ ಅಪ್ಪನಿಗೂ ಆಟದ ಹುಚ್ಚು ಸ್ವಲ್ಪ ಹತ್ತಿತು. ಅಮಲ್ದಾರರ ಕಚೇರಿಗೆ ಅಲೆದವರಿಗೆಲ್ಲ ಅದು ತಮ್ಮದೇ ಕಥೆ!

ಆಮೇಲೆ ಸಿನಿಮಾ. 1954ರಲ್ಲಿ 'ಬೇಡರ ಕಣ್ಣಪ್ಪ' ಬಂತು. ಗುಬ್ಬಿ ಕಂಪನಿಯಲ್ಲಿ ಪಳಗಿದ ಮುತ್ತುರಾಜ ಅದರಲ್ಲಿ ರಾಜಕುಮಾರ್ ಆದರು. ಕಣ್ಣು ಕಿತ್ತು ಶಿವನಿಗಿಡುವಾಗ ಹೆಂಗಸರ ಕಡೆಯಿಂದ ಬಂದ ಅಳು ಇವತ್ತಿಗೂ ನನ್ನ ಕಿವಿಯಲ್ಲಿದೆ. ಒಪೇರಾ, ಒಲಿಂಪಿಯಾ, ಪ್ರಭಾ, ಗಾಯತ್ರಿ, ಲಕ್ಷ್ಮಿ, ಒಂದೊಂದು ಟಾಕೀಸಿನ ಹೆಸರೂ ನಮಗೆ ದೇವಸ್ಥಾನದ ಹೆಸರಿನಂತೆ ಬಾಯಿಪಾಠ. ಹೆಂಗಸರಿಗೆ ಬೇರೆ ಟಿಕೆಟ್ ಕಿಂಡಿ, ಬೇರೆ ಬಾಗಿಲು. ಆ ಕಿಂಡಿಯ ಮುಂದೆ ಸಾಲು ಚಿಕ್ಕದು. ಆದ್ದರಿಂದ ಗಂಡಸರು, "ಅಕ್ಕಾ, ನಮಗೂ ಎರಡು ತೆಗೀರಿ" ಎಂದು ದುಡ್ಡು ಚಾಚಿಕೊಂಡು ನಿಲ್ಲುವರು. ವರ್ಷವೆಲ್ಲ ಗಂಡಸರ ಕೈ ನೋಡುತ್ತಿದ್ದ ಹೆಂಗಸರ ಕೈಯನ್ನು ಗಂಡಸರು ನೋಡುತ್ತಿದ್ದುದು ಅಲ್ಲೊಂದೇ ಕಡೆ!

ಆ ಬಾಗಿಲಿನ ಒಳಗೆ ಅವ್ವ ಸೆರಗು ಸಡಿಲಿಸಿ ಕೂರುತ್ತಿದ್ದಳು. ಪಕ್ಕದವಳು ಯಾವ ಊರವಳೋ ಏನೋ, ವಿರಾಮದ ಹೊತ್ತಿಗೆ ಇಬ್ಬರೂ ಕಡಲೆಕಾಯಿ ಹಂಚಿಕೊಂಡು ಸುಖದುಃಖ ಮಾತಾಡಿ ಮುಗಿಸುವರು.

ಅಕ್ಕನ ಮದುವೆಯ ವರ್ಷ ಹೇಳಿದೆನಲ್ಲ, ಆ ಸಲ ಪಟ್ಟಿ ಉದ್ದ, ಕೈ ಬಿಗಿ. ಹೊರಡುವ ಹಿಂದಿನ ರಾತ್ರಿ ಅಪ್ಪ ಹೇಳಿದರು, "ಈ ಸಲ ಆಟಗೀಟ ಬ್ಯಾಡ. ಮದುವೆ ಖರ್ಚಿನ ಕಾಲ." ಅವರ ಮಾತಿಗೆ ಅವ್ವ ಎದುರಾಡಿದ್ದನ್ನು ನಾನು ಅದುವರೆಗೆ ಕಂಡೇ ಇರಲಿಲ್ಲ. ಅವ್ವ ಒಲೆಯ ಕೆಂಡ ಮುಚ್ಚಿ, ಸಾಸಿವೆ ಡಬ್ಬಿಯಿಂದ ಬಟ್ಟೆಯ ಗಂಟೊಂದನ್ನು ತೆಗೆದು ಅಪ್ಪನ ಮುಂದಿಟ್ಟಳು. "ಮೊಸರು, ತುಪ್ಪ ಮಾರಿದ್ದು. ಮದುವೆಗೆ ಬೇಕು ಅಂದ್ರೆ ತಗಳಿ, ಬ್ಯಾಡ ಅನ್ನಾಕಿಲ್ಲ. ಆದ್ರೆ ಒಂದ್ಮಾತು. ವರ್ಸದಾಗೆ ಮುನ್ನೂರ ಅರವತ್ನಾಕು ದಿನ ನಿಮ್ಮ ಮನೇದು. ಒಂದು ದಿನ ನಂದು ಅಂತ ತಿಳ್ಕಂಡಿದ್ದೆ."

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಗಂಟನ್ನು ಮುಟ್ಟಲೂ ಇಲ್ಲ. ಬೆಳಗ್ಗೆ ಬಸ್ಸಿನಲ್ಲಿ ಕೂತ ಮೇಲೆ ನನ್ನನ್ನು ಕೇಳಿದರು, "ಯಾವ ಆಟ ನೋಡ್ಬೇಕು ಅಂತೀಳು ನಿಮ್ಮವ್ವ?" ಅಂದು ಅವರು ಗಂಡಸರ ಕಡೆ ಕೂತು ಆಟ ನೋಡಿದರು, ನಾವು ನಮ್ಮ ಕಡೆ. ಆಟ ಮುಗಿದ ಮೇಲೆ ಅಪ್ಪ ತಾವಾಗಿ ಒಂದು ಹೋಟೆಲಿನ ಫ್ಯಾಮಿಲಿ ರೂಮಿಗೆ ಕರೆದುಕೊಂಡು ಹೋದರು. ಅವ್ವ ಜೀವನದಲ್ಲಿ ಮೊದಲ ಸಲ ಹೋಟೆಲು ದೋಸೆ ತಿಂದದ್ದು ಅವತ್ತೇ. "ಉಪ್ಪು ಒಂಚೂರು ಕಮ್ಮಿ" ಎಂದಳು. ಪೂರಾ ತಿಂದಳು!

ಕಣ್ಣು ಕೋರೈಸುವ ಎಕ್ಸಿಬಿಷನ್ನು

ದಸರೆಗೆ ಹೋಗುವ ಭಾಗ್ಯ ನಮಗೆ ಬಂದದ್ದು ಎರಡು ಮೂರು ಸಲ ಮಾತ್ರ. ಬೆಳೆ ಹೊಲದಲ್ಲಿರುವ ಕಾಲ ಅದು. ಹೋದಾಗ ಜಯಚಾಮರಾಜ ಒಡೆಯರು ಚಿನ್ನದ ಅಂಬಾರಿಯಲ್ಲಿ ಕೂತು ಬರುವುದನ್ನು ಕಂಡು ಅವ್ವ ಕೈ ಮುಗಿದಳು. 1971ರಲ್ಲಿ ರಾಜಧನ ರದ್ದಾದ ಮೇಲೆ ಆ ವೈಭವದ ರೀತಿ ಬದಲಾಯಿತು. ಈಗ ಅಂಬಾರಿಯಲ್ಲಿ ಬರುವವಳು ತಾಯಿ ಚಾಮುಂಡೇಶ್ವರಿ. "ಇದೇ ಸರಿ ಬುಡು, ಅವಳದ್ದೇ ಅಲ್ವಾ ಊರು" ಎಂದಳು ಅವ್ವ.

ದಸರಾ ವಸ್ತುಪ್ರದರ್ಶನ ಬಹಳ ಹಳೆಯದು. ರೈತನಿಗೆ ಹೊಸ ನೇಗಿಲು, ಹೊಸ ಬಿತ್ತನೆ ತೋರಿಸಲೆಂದು, ಸಂಸ್ಥಾನದ ಕೈಗಾರಿಕೆಯ ಮಾಲು ತೋರಿಸಲೆಂದು ಹುಟ್ಟಿದ್ದು. ನಮಗೆ ಬೇಕಾಗಿದ್ದುದು ದೊಡ್ಡ ತೊಟ್ಟಿಲು, ಸಾವಿನ ಬಾವಿಯಲ್ಲಿ ಗೋಡೆ ಹತ್ತುವ ಮೋಟಾರ್ ಸೈಕಲ್ಲು, ಮೊರದಗಲದ ಡೆಲ್ಲಿ ಹಪ್ಪಳ, ಚುರುಮುರಿ. ಲಾಂದ್ರದ ಬೆಳಕಿನ ಊರಿನಿಂದ ಬಂದವರಿಗೆ ಅರಮನೆಯ ದೀಪಗಳು ಒಂದೇ ಸಲ ಹತ್ತಿಕೊಂಡ ಗಳಿಗೆ ಏನನ್ನಿಸಿರಬೇಡ! ಬೆಳಗಾಯಿತೆಂದು ತಿಳಿದು ಕಂಕುಳಿನ ಮಗುವೊಂದು ಎದ್ದು ನಗತೊಡಗಿತ್ತು.

ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಅವ್ವ ಬಹಳ ಹೊತ್ತು ನಿಂತದ್ದು ಹಲ್ದಂಕರ್ ಅವರ 'ದೀಪ ಹಿಡಿದ ಹೆಣ್ಣಿ'ನ ಮುಂದೆ. ಅಂಗೈಯ ಮರೆಯಲ್ಲಿ ದೀಪ, ಬೆರಳ ಸಂದಿಯಿಂದ ಕೆಂಪು ಬೆಳಕು. "ಗಾಳಿಗೆ ಆರ್ದಂಗೆ ಹೆಂಗ್ ಹಿಡ್ದವಳೆ ನೋಡು" ಎಂದಳು. ಆ ಚಿತ್ರಕ್ಕೆ ನಿಂತವರು ಚಿತ್ರಕಾರರ ಮಗಳು ಗೀತಾ ಉಪಳೇಕರ್. ನೂರು ದಾಟಿ ಬಾಳಿ 2018ರಲ್ಲಿ ತೀರಿಕೊಂಡರು.

ಆಕಾಶದಿಂದ ಬಂದ ಮೈಸೂರು

ಮೈಸೂರಿಗೆ ಹೋಗಲಾಗದ ದಿನಗಳಲ್ಲಿ ಮೈಸೂರೇ ನಮ್ಮಲ್ಲಿಗೆ ಬರುತ್ತಿತ್ತು. ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದರು. ಅವರ ನಿಲಯದ 'ಆಕಾಶವಾಣಿ' ಎಂಬ ಹೆಸರನ್ನೇ ಐವತ್ತರ ದಶಕದಲ್ಲಿ ಇಡೀ ದೇಶದ ರೇಡಿಯೋ ಇಟ್ಟುಕೊಂಡಿತು. ನಮ್ಮ ಹಳ್ಳಿಗೆ ಬಂದಾಗ ರೇಡಿಯೋ ಒಂದೇ ಒಂದು, ಅದಕ್ಕೆ ಪೋಸ್ಟಾಫೀಸಿನಲ್ಲಿ ಲೈಸನ್ಸ್ ದುಡ್ಡು ಬೇರೆ ಕಟ್ಟಬೇಕು! ಸಂಜೆ ಅದರ ಮುಂದೆ ಗಂಡಸರು, ಗೋಡೆಯಾಚೆ ನಾವು ಹೆಂಗಸರು. ಗೋಡೆಯಾಚೆಗೂ ಹಾಡು ಬರುತ್ತದಲ್ಲ, ಅದನ್ನು ಯಾರು ತಡೆದಾರು?

ಉಳಿದದ್ದು, ಉಳಿಯಬೇಕಾದದ್ದು

ಅದರಲ್ಲಿ ಎಷ್ಟೋ ಈಗ ಇಲ್ಲ. 1961ರಲ್ಲಿ ಯಾದವಗಿರಿಯಲ್ಲಿ ಶುರುವಾಗಿ ಊರ ಹುಡುಗರ ಕನಸಾಗಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. 1974ರಲ್ಲಿ ತೆರೆದ ಶಾಂತಲಾ ಚಿತ್ರಮಂದಿರ 2020ರ ಕೊರೋನಾ ವರ್ಷದಲ್ಲಿ ಬಾಗಿಲು ಹಾಕಿತು. ಹಳೆಯ ಪುಸ್ತಕದಂಗಡಿಗಳಿದ್ದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವ ಹೋದವು. ದೇವರಾಜ ಮಾರ್ಕೆಟ್ಟಿನ ಒಂದು ಭಾಗ 2016ರಲ್ಲಿ ಉರುಳಿತು. ಕೆಡವಿ ಹೊಸದು ಕಟ್ಟಬೇಕೇ, ಇದ್ದದ್ದನ್ನೇ ಭದ್ರಪಡಿಸಬೇಕೇ ಎಂಬ ವಾದ ಹೈಕೋರ್ಟಿನವರೆಗೂ ಹೋಯಿತು. ಉಳಿದಿರುವುದೂ ಕಡಿಮೆಯೇನಲ್ಲ. ಓಟು ಹಾಕಿದಾಗ ನಮ್ಮ ಬೆರಳಿಗೆ ಹಚ್ಚುವ ಅಳಿಸದ ಶಾಯಿ 1962ರಿಂದ ಮೈಸೂರಿನ ಬಣ್ಣದ ಕಾರ್ಖಾನೆಯಿಂದಲೇ ಬರುತ್ತಿದೆ.

ಇಂಜಿನಿಯರುಗಳ ವಾದ ನನಗೆ ತಿಳಿಯದು. ಗೋಡೆ ಬೀಳುವ ಹಾಗಿದ್ದರೆ ಅದರ ಕೆಳಗೆ ಹೂವಿನವರನ್ನು ಕೂರಿಸಿ ಎಂದು ಯಾರೂ ಹೇಳರು. ನನ್ನ ಕೇಳಿಕೆ ಇಷ್ಟೇ. ಏನನ್ನೇ ಕಟ್ಟಲಿ, ಹಳ್ಳಿಯಿಂದ ಬಂದ ಹೆಂಗಸು ಅಂಜದೆ ಒಳಗೆ ಹೋಗುವಂತಿರಬೇಕು. ಗಾಜಿನ ಬಾಗಿಲ ಮುಂದೆ ಅವಳು ಚಪ್ಪಲಿ ಬಿಡಬೇಕೋ ಬೇಡವೋ ಎಂದು ತಡವರಿಸುವಂತಾಗಬಾರದು. ಅವಳ ಮೊಳಕ್ಕೆ ಅಲ್ಲಿ ಬೆಲೆ ಇರಬೇಕು. "ಹೋದ ವರ್ಷ ಬಂದಿದ್ರಲ್ಲ" ಎಂದು ಕೇಳುವ ಒಂದು ಬಾಯ್ಮಾತು ಅಲ್ಲಿರಬೇಕು. ನಮ್ಮ ಸೀಮೆ ಈಗ ಹೊಗೆಸೊಪ್ಪಿನ ಸೀಮೆಯಾಗಿದೆ, ಬ್ಯಾರನ್ನಿನ ಬಿಸಿಯಲ್ಲಿ ಎಲೆ ಪೋಣಿಸುವ ಹೆಂಗಸರು ಹರಾಜಿನ ದುಡ್ಡು ಬಂದಾಗ ಇವತ್ತೂ ಮೈಸೂರಿನ ಪಟ್ಟಿ ಹಾಕುತ್ತಾರೆ. ಪಟ್ಟಿ ಮಕ್ಕಳ ಫೀಸಿನಿಂದ ಶುರುವಾಗಿ ಮನೆಯವರ ಚಪ್ಪಲಿಗೆ ಮುಗಿಯುತ್ತದೆ.

ಅದಕ್ಕೇ ನಿಮ್ಮನ್ನೊಂದು ಮಾತು ಕೇಳಬೇಕೆನಿಸುತ್ತದೆ. ನೀವು ಬರೆಯುವ ಪಟ್ಟಿಯಲ್ಲಿ ನಿಮ್ಮ ಬಾಬ್ತು ಎಷ್ಟನೆಯದು? ಅವ್ವನಿಗೆ ಅಕ್ಷರ ಬಾರದು, ಬರೆಸಲಿಲ್ಲ. ನಮಗೆ ಬರುತ್ತದೆ. ಒಂದು ಆಟವೋ, ಒಂದು ದೋಸೆಯೋ, ಗೆಳತಿಯ ಜತೆ ಒಂದು ಸಂಜೆಯೋ, ಏನಾದರೂ ಸರಿ, ಮೊದಲ ಸಾಲಿನಲ್ಲೇ ಬರೆದುಬಿಡಿ. ಮುಂದಿನ ಸಲ ಮೈಸೂರಿಗೆ ಹೋದಾಗ ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲಿಗೂ ಒಂದು ಸುತ್ತು ಹೋಗಿ ಬನ್ನಿ. ಮಲ್ಲಿಗೆ ಕೊಳ್ಳುವಾಗ ಮೊಳ ಮಾತ್ರ ನಿಮ್ಮ ಕೈಯದೇ ಇರಲಿ!